ಸೀನಿಗೆ ನುಂಗಿದ ಮಾತ್ರೆ ಮಿದುಳಿನಲ್ಲಿ ಏನು ಮಾಡುತ್ತದೆ?

ಮೂಗು ಸೋರುತ್ತಿದೆ, ಸೀನು ನಿಲ್ಲುತ್ತಿಲ್ಲ. ಇಲ್ಲವೇ ಮೈಮೇಲೆ ಪಿತ್ತದ ಗಂಧೆ ಎದ್ದು ಒಂದೇ ಸಮನೆ ತುರಿಕೆ. ಒಂದು ಪುಟ್ಟ ಮಾತ್ರೆ ನುಂಗುತ್ತೇವೆ. ಇಂಥ ಮಾತ್ರೆಗಳಿಗೆ ಆಂಟಿಹಿಸ್ಟಮಿನ್ ಅನ್ನುತ್ತಾರೆ. ಗಂಟೆಯೊಳಗೆ ಸೀನು ತಗ್ಗುತ್ತದೆ, ಜೊತೆಗೆ ಕಣ್ಣೂ ಎಳೆಯುತ್ತದೆ. ಕೆಲವರಿಗೆ ಈ ಮಂಪರು ಕಿರಿಕಿರಿ. ಇನ್ನು ಕೆಲವರಿಗೆ ಅದೇ ಬೇಕಾದದ್ದು. ಸೀನು ಇಲ್ಲದಿದ್ದರೂ ನಿದ್ದೆ ಬರಲಿ ಅಂತ ಇದೇ ಮಾತ್ರೆ ನುಂಗಿ ಮಲಗುವವರು ಬೇಕಾದಷ್ಟು ಜನ.

ಇಬ್ಬರೂ ಒಂದು ಮಾತನ್ನು ನಂಬಿರುತ್ತಾರೆ. ಕಣ್ಣು ಎಳೆದರೆ ಮಾತ್ರೆ ಮಿದುಳಿನ ಮೇಲೆ ಕೆಲಸ ಮಾಡುತ್ತಿದೆ, ಎಳೆಯದಿದ್ದರೆ ಮಾಡುತ್ತಿಲ್ಲ ಅಂತ. ಈ ಮಾತ್ರೆಗಳಿಂದ ಆಗುವ ತೊಂದರೆಗಳಲ್ಲಿ ದೊಡ್ಡ ಪಾಲು ಬರುವುದು ಈ ನಂಬಿಕೆಯಿಂದಲೇ. ಮಂಪರು ನಮ್ಮ ಗಮನಕ್ಕೆ ಬರದೆಯೂ ಇರಬಹುದು. ಅಷ್ಟೇ ಅಲ್ಲ, ಮಂಪರಿಗೆ ಸಂಬಂಧವೇ ಇಲ್ಲದ ಇನ್ನೊಂದಷ್ಟು ಕೆಲಸವನ್ನೂ ಇದೇ ಮಾತ್ರೆ ಮೈಯಲ್ಲಿ ಸದ್ದಿಲ್ಲದೆ ಮಾಡುತ್ತಿರುತ್ತದೆ.

ಹಿಸ್ಟಮಿನ್‌ಗೆ ಎರಡು ಕೆಲಸ

ಅಲರ್ಜಿಯಲ್ಲಿ ಹಿಸ್ಟಮಿನ್ ಅನ್ನುವ ರಾಸಾಯನಿಕ ಖಳನಾಯಕ ಅಂತ ಬಹಳ ಜನರಿಗೆ ಗೊತ್ತು. ಚರ್ಮ, ಮೂಗು, ಶ್ವಾಸನಾಳ, ಕರುಳಿನ ಒಳಪದರಗಳಲ್ಲಿ ಮಾಸ್ಟ್ ಕೋಶಗಳು ಅಂತಿವೆ. ಅವುಗಳ ಹೊಟ್ಟೆ ತುಂಬ ಹಿಸ್ಟಮಿನ್ ತುಂಬಿದ ಸಣ್ಣ ಸಣ್ಣ ಕಣಗಳು. ಹೂವಿನ ಪರಾಗವೋ, ದೂಳಿನ ನುಸಿಯೋ, ಮೈಗೆ ಒಗ್ಗದ ಇನ್ನೇನೋ ತಾಗಿದಾಗ ಈ ಕೋಶಗಳು ಹಿಸ್ಟಮಿನ್ ಹೊರಗೆ ಚೆಲ್ಲುತ್ತವೆ. ಅದು ಅಕ್ಕಪಕ್ಕದ ಕೋಶಗಳ ಮೇಲಿರುವ ಎಚ್1 ಅನ್ನುವ ರಿಸೆಪ್ಟರ್‌ಗೆ, ಅಂದರೆ ಸಂದೇಶ ಹಿಡಿಯುವ ಕೊಂಡಿಗೆ, ಅಂಟಿಕೊಳ್ಳುತ್ತದೆ. ಸಣ್ಣ ರಕ್ತನಾಳಗಳು ಹಿಗ್ಗಿ ನೀರು ಹೊರಗೆ ಜಿನುಗುತ್ತದೆ, ಚರ್ಮ ಉಬ್ಬುತ್ತದೆ, ನರಗಳ ತುದಿ ಕೆರಳಿ ತುರಿಕೆ ಬರುತ್ತದೆ.

ಇದೇ ಹಿಸ್ಟಮಿನ್ ಮಿದುಳಿನಲ್ಲೂ ಇದೆ, ಅಲ್ಲಿ ಅದರ ಕೆಲಸವೇ ಬೇರೆ. ಮಿದುಳಿನ ಬುಡದಲ್ಲಿರುವ ಹೈಪೊಥಾಲಮಸ್ ಅನ್ನುವ ಭಾಗದ ಹಿಂಬದಿಯಲ್ಲಿ ನರಕೋಶಗಳ ಒಂದು ಪುಟ್ಟ ಗುಂಪಿದೆ. ಮಿದುಳಿನ ಕೋಟ್ಯಂತರ ನರಕೋಶಗಳ ಎದುರು ಇವು ಕೆಲವು ಹತ್ತು ಸಾವಿರ ಅಷ್ಟೇ. ಆದರೆ ಇವುಗಳ ತಂತುಗಳು ಮಿದುಳಿನ ಮೂಲೆಮೂಲೆಗೂ ಚಾಚಿಕೊಂಡಿವೆ. ನಾವು ಎಚ್ಚರವಾಗಿದ್ದಾಗ ಇವು ಹಿಸ್ಟಮಿನ್ ಬಿಡುತ್ತಲೇ ಇರುತ್ತವೆ, ನಿದ್ದೆಗೆ ಜಾರಿದಾಗ ಸುಮ್ಮನಾಗುತ್ತವೆ. ಮಿದುಳಿನ ಹಿಸ್ಟಮಿನ್ ಬಗ್ಗೆ ಯಾರಿಗೂ ಗೊತ್ತಿಲ್ಲದ ಕಾಲದಲ್ಲೇ ಈ ಜಾಗದ ಸುಳಿವು ಸಿಕ್ಕಿತ್ತು. ಮೊದಲ ಮಹಾಯುದ್ಧದ ಹೊತ್ತಿಗೆ ಜನ ದಿನಗಟ್ಟಲೆ ನಿದ್ದೆಯಲ್ಲೇ ಬಿದ್ದಿರುವ ಒಂದು ವಿಚಿತ್ರ ಮಿದುಳುಜ್ವರ ಹಬ್ಬಿತ್ತು. ವಿಯೆನ್ನಾದ ವೈದ್ಯ ಕಾನ್‌ಸ್ಟಂಟಿನ್ ಫಾನ್ ಎಕೊನೊಮೊ, ಸತ್ತವರ ಮಿದುಳು ಪರೀಕ್ಷಿಸಿ ಹೈಪೊಥಾಲಮಸ್‌ನ ಹಿಂಭಾಗಕ್ಕೇ ಪೆಟ್ಟಾಗಿರುವುದನ್ನು ಗುರುತಿಸಿದ್ದರು.

ಈಗ ಮಾತ್ರೆಗೆ ಬರೋಣ. ಆಂಟಿಹಿಸ್ಟಮಿನ್ ಹೋಗಿ ಎಚ್1 ರಿಸೆಪ್ಟರ್ ಹಿಡಿದುಕೊಂಡು ಕೂರುತ್ತದೆ. ಹಿಸ್ಟಮಿನ್‌ಗೆ ಜಾಗ ಸಿಗುವುದಿಲ್ಲ. ಮೂಗಿನಲ್ಲಿ ಹೀಗಾದರೆ ಸೀನು ನಿಲ್ಲುತ್ತದೆ. ಮಿದುಳಿನಲ್ಲಿ ಹೀಗಾದರೆ ಎಚ್ಚರ ಕುಸಿಯುತ್ತದೆ. ಮಾತ್ರೆ ಎರಡೂ ಕಡೆ ಮಾಡುವುದು ಒಂದೇ ಕೆಲಸ.

ಹಳೆಯವು ಮಿದುಳಿಗೆ ನುಗ್ಗುತ್ತವೆ

1937ರಲ್ಲಿ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿ ಡೇನಿಯಲ್ ಬೊವೆ ಮತ್ತು ಆನ್ ಮರಿ ಸ್ಟಾಬ್ ಮೊದಲ ಆಂಟಿಹಿಸ್ಟಮಿನ್ ಕಂಡುಹಿಡಿದರು. ಅದು ಮನುಷ್ಯರಿಗೆ ಕೊಡಲಾಗದಷ್ಟು ವಿಷಕಾರಿಯಾಗಿತ್ತು. ಆದರೆ ದಾರಿ ಸಿಕ್ಕಿತ್ತು. ಮುಂದೆ 1957ರಲ್ಲಿ ಬೊವೆಗೆ ನೊಬೆಲ್ ಬಂತು. 1940ರ ದಶಕದಲ್ಲಿ ಒಂದರ ಹಿಂದೆ ಒಂದು ಔಷಧಿ ಬಂದವು. ಅಮೆರಿಕದಲ್ಲಿ ಜಾರ್ಜ್ ರೀವ್ಶಲ್ ತಯಾರಿಸಿದ ಡೈಫೆನ್‌ಹೈಡ್ರಮಿನ್ 1946ರಲ್ಲಿ ಬಳಕೆಗೆ ಬಂತು. ಫ್ರಾನ್ಸ್‌ನಲ್ಲಿ ಪ್ರೊಮೆಥಜಿನ್ ಬಂತು. ಕ್ಲೋರ್‌ಫೆನಿರಮಿನ್, ಫೆನಿರಮಿನ್, ಹೈಡ್ರಾಕ್ಸಿಜಿನ್, ಡಾಕ್ಸಿಲಮಿನ್, ಸೈಪ್ರೊಹೆಪ್ಟಡಿನ್ ಎಲ್ಲ ಇದೇ ಬಳಗಕ್ಕೆ ಸೇರಿದವು. ಇವನ್ನು ಮೊದಲ ತಲೆಮಾರಿನವು ಅನ್ನುತ್ತಾರೆ.

ಇವೆಲ್ಲ ಚಿಕ್ಕ ಅಣುಗಳು, ಕೊಬ್ಬಿನಲ್ಲಿ ಸಲೀಸಾಗಿ ಕರಗುತ್ತವೆ. ರಕ್ತದಲ್ಲಿರುವುದೆಲ್ಲ ಮಿದುಳಿಗೆ ಹೋಗದಂತೆ ತಡೆಯುವ ಒಂದು ಗೋಡೆ ನಮ್ಮ ರಕ್ತನಾಳಗಳಲ್ಲೇ ಇದೆ. ಇವು ಅದನ್ನು ಆರಾಮವಾಗಿ ದಾಟುತ್ತವೆ. 1980ರ ದಶಕದಲ್ಲಿ ಬಂದ ಎರಡನೇ ತಲೆಮಾರಿನವು ಹಾಗಲ್ಲ. ಸೆಟ್ರಿಜಿನ್, ಲೊರಾಟಡಿನ್, ಆಮೇಲೆ ಬಂದ ಫೆಕ್ಸೊಫೆನಡಿನ್, ಬಿಲಾಸ್ಟಿನ್ ಅಷ್ಟಾಗಿ ಒಳಗೆ ನುಸುಳುವುದಿಲ್ಲ. ನುಸುಳಿದರೂ ಆ ಗೋಡೆಯಲ್ಲೇ ಇರುವ ಪಿ-ಗ್ಲೈಕೊಪ್ರೋಟೀನ್ ಅನ್ನುವ ಪಂಪು ಅವುಗಳಲ್ಲಿ ಹಲವನ್ನು ಮತ್ತೆ ರಕ್ತಕ್ಕೇ ತಳ್ಳುತ್ತದೆ.

ಇದು ಬರೀ ಊಹೆ ಅಲ್ಲ. ಪಿಇಟಿ ಸ್ಕ್ಯಾನ್ ಮಾಡಿ, ಬದುಕಿರುವ ಮನುಷ್ಯರ ಮಿದುಳಿನಲ್ಲೇ ಎಚ್1 ರಿಸೆಪ್ಟರ್‌ಗಳಲ್ಲಿ ಎಷ್ಟು ಪಾಲನ್ನು ಔಷಧಿ ಹಿಡಿದಿದೆ ಅಂತ ಅಳೆದಿದ್ದಾರೆ. ಜಪಾನಿನ ತೊಹೊಕು ವಿಶ್ವವಿದ್ಯಾಲಯದಲ್ಲಿ ಇದರ ಕೆಲಸ ಬಹಳ ನಡೆದಿದೆ. ಹಳೆಯ ಔಷಧಿಗಳು ಮಾಮೂಲಿ ಡೋಸಿನಲ್ಲೇ ಅರ್ಧಕ್ಕಿಂತ ಜಾಸ್ತಿ ರಿಸೆಪ್ಟರ್ ಹಿಡಿಯುತ್ತವೆ. ಸೆಟ್ರಿಜಿನ್ 10 ಮಿ.ಗ್ರಾಂ ಡೋಸಿನಲ್ಲಿ ಸುಮಾರು ಶೇ. 12ರಷ್ಟು, 20 ಮಿ.ಗ್ರಾಂ ಡೋಸಿನಲ್ಲಿ ಸುಮಾರು ಶೇ. 25ರಷ್ಟು ಹಿಡಿಯುತ್ತದೆ. ಫೆಕ್ಸೊಫೆನಡಿನ್ ಹೆಚ್ಚುಕಮ್ಮಿ ಸೊನ್ನೆ. ಶೇ. 20ಕ್ಕಿಂತ ಕಡಿಮೆ ಇದ್ದರೆ ಮಂಪರು ತರದ ಔಷಧಿ, ಶೇ. 50 ದಾಟಿದರೆ ಮಂಪರು ತರುವ ಔಷಧಿ ಅಂತ ಲೆಕ್ಕ. "ಸೆಟ್ರಿಜಿನ್‌ನಿಂದ ನಿದ್ದೆ ಬರಲ್ಲ ಅಂತಾರೆ, ನನಗೆ ಮಾತ್ರ ಬರುತ್ತೆ" ಅನ್ನುವವರ ಮಾತು ಸುಳ್ಳಲ್ಲ ಅನ್ನುವುದಕ್ಕೆ ಇಲ್ಲೇ ಉತ್ತರ ಇದೆ. ಆ ಔಷಧಿ ಗಡಿಯ ಮೇಲೆ ನಿಂತಿದೆ.

ನಿದ್ದೆಯೇನೂ ಬರುತ್ತಿಲ್ಲ ಅನ್ನಿಸಿದಾಗ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ನನ್ನ ಪ್ರಕಾರ ಇಡೀ ವಿಷಯದ ತಿರುಳು ಇದೇ.

ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಒಂದು ದೊಡ್ಡ ಡ್ರೈವಿಂಗ್ ಸಿಮ್ಯುಲೇಟರ್ ಇತ್ತು. ನಿಜವಾದ ಕಾರಿನ ಒಳಗೆ ಕೂತ ಹಾಗೇ ಇರುತ್ತದೆ, ರಸ್ತೆ ಮಾತ್ರ ಪರದೆಯ ಮೇಲೆ ಓಡುತ್ತದೆ. ಲೈಸೆನ್ಸ್ ಇದ್ದ, ಋತು ಬದಲಾದಾಗ ಅಲರ್ಜಿ ಆಗುವ 40 ಮಂದಿಯನ್ನು ಅದರಲ್ಲಿ ಕೂರಿಸಿದರು. ಪ್ರತಿಯೊಬ್ಬರೂ ಬೇರೆ ಬೇರೆ ವಾರ ಬಂದು ಬೇರೆ ಬೇರೆಯದನ್ನು ತೆಗೆದುಕೊಂಡರು. ಒಂದು ಸಲ 50 ಮಿ.ಗ್ರಾಂ ಡೈಫೆನ್‌ಹೈಡ್ರಮಿನ್, ಒಂದು ಸಲ 60 ಮಿ.ಗ್ರಾಂ ಫೆಕ್ಸೊಫೆನಡಿನ್, ಒಂದು ಸಲ ರಕ್ತದಲ್ಲಿ ಸುಮಾರು ಶೇ. 0.1ರಷ್ಟು ಆಗುವ ಹಾಗೆ ಮದ್ಯ, ಒಂದು ಸಲ ಏನೂ ಇಲ್ಲದ ಸುಳ್ಳು ಔಷಧಿ. ಯಾವ ವಾರ ಯಾವುದು ಅಂತ ಅವರಿಗೆ ಹೇಳಿರಲಿಲ್ಲ.

ಮುಖ್ಯ ಪರೀಕ್ಷೆ ಏನು ಗೊತ್ತಾ? ಮುಂದೆ ಹೋಗುವ ಕಾರು ವೇಗ ಹೆಚ್ಚು ಕಡಿಮೆ ಮಾಡುತ್ತಿರುತ್ತದೆ, ಇವರೂ ಅದಕ್ಕೆ ತಕ್ಕ ಹಾಗೆ ವೇಗ ಬದಲಿಸುತ್ತಾ ಹಿಂಬಾಲಿಸಬೇಕು. ಜೊತೆಗೆ ಲೇನ್ ಬಿಟ್ಟು ಆಚೀಚೆ ಹೋಗುತ್ತಾರಾ ಅಂತ ನೋಡಿದರು. ಫಲಿತಾಂಶ 2000ದಲ್ಲಿ ಪ್ರಕಟವಾಯಿತು. ಒಟ್ಟಾರೆ ಚಾಲನೆ ಎಲ್ಲಕ್ಕಿಂತ ಕೆಟ್ಟದಾಗಿದ್ದದ್ದು ಡೈಫೆನ್‌ಹೈಡ್ರಮಿನ್ ತೆಗೆದುಕೊಂಡಾಗ. ಮುಂದಿನ ಕಾರನ್ನು ಹಿಂಬಾಲಿಸುವುದರಲ್ಲಿ ಕುಡಿದಾಗಿನ ಚಾಲನೆಯೇ ವಾಸಿ ಅನ್ನುವ ಹಾಗಿತ್ತು. ಫೆಕ್ಸೊಫೆನಡಿನ್ ತೆಗೆದುಕೊಂಡಾಗ ಸುಳ್ಳು ಔಷಧಿಗೂ ಅದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಇನ್ನೂ ಒಂದು ವಿಷಯ ಇದೆ. ಓಡಿಸುವ ಮೊದಲೂ ಆಮೇಲೂ ಎಷ್ಟು ನಿದ್ದೆ ಬರುತ್ತಿದೆ ಅಂತ ಅವರನ್ನೇ ಕೇಳಿದ್ದರು. ಅವರು ಕೊಟ್ಟ ಉತ್ತರಕ್ಕೂ ಅವರು ಓಡಿಸಿದ ರೀತಿಗೂ ಸರಿಯಾದ ತಾಳೆ ಬೀಳಲಿಲ್ಲ. ನಿದ್ದೆ ಬರುತ್ತಿಲ್ಲ ಅಂದವರೂ ಕೆಟ್ಟದಾಗಿ ಓಡಿಸಿದ್ದರು. ಅಂದರೆ "ನಾನು ಚೆನ್ನಾಗೇ ಇದ್ದೀನಿ" ಅನ್ನುವ ಅನಿಸಿಕೆಯನ್ನು ನೆಚ್ಚಿಕೊಂಡು ಗಾಡಿ ಕೀಲಿ ಕೈಗೆ ತೆಗೆದುಕೊಳ್ಳುವ ಹಾಗಿಲ್ಲ. ನಮ್ಮ ಸ್ಥಿತಿ ಹೇಗಿದೆ ಅಂತ ಅಳೆಯಬೇಕಾದ ಮಿದುಳೇ ಮಂದವಾಗಿರುವಾಗ ಅಳತೆ ಸರಿ ಬರುವುದಾದರೂ ಹೇಗೆ?

ಎರಡನೆಯ ತೊಡಕು ಸಮಯದ್ದು. ರಾತ್ರಿ ನುಂಗಿದ್ದು ರಾತ್ರಿಯೇ ಮುಗಿಯುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ದೊಡ್ಡವರಲ್ಲಿ ಡೈಫೆನ್‌ಹೈಡ್ರಮಿನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 9 ಗಂಟೆ ಬೇಕು, ವಯಸ್ಸಾದವರಲ್ಲಿ ಇನ್ನೂ ಜಾಸ್ತಿ. ಕ್ಲೋರ್‌ಫೆನಿರಮಿನ್, ಹೈಡ್ರಾಕ್ಸಿಜಿನ್ ಅರ್ಧಕ್ಕೆ ಇಳಿಯಲು 20 ಗಂಟೆಯ ಆಸುಪಾಸು. ರಾತ್ರಿ ಹತ್ತಕ್ಕೆ ನುಂಗಿದ ಕ್ಲೋರ್‌ಫೆನಿರಮಿನ್‌ನ ಅರ್ಧ ಭಾಗ ಮಾರನೆಯ ದಿನ ಸಂಜೆ ಆರಕ್ಕೂ ಮೈಯಲ್ಲೇ ಇದೆ ಅಂತಾಯಿತು. ದಿನಾ ತೆಗೆದುಕೊಂಡರೆ ಹಳೆಯದು ಹೋಗುವ ಮೊದಲೇ ಹೊಸದು ಬಂದು ಸೇರುತ್ತದೆ. ಬೆಳಿಗ್ಗೆ ತಲೆ ಭಾರ, ಕೆಲಸದಲ್ಲಿ ತಪ್ಪು, ಓದಿದ್ದು ತಲೆಗೆ ಹತ್ತದಿರುವುದು. ನೆಗಡಿ ಇನ್ನೂ ಬಿಟ್ಟಿಲ್ಲ ಅಂತ ನಾವು ಅದರ ಮೇಲೆ ಹಾಕುವ ದೂರಿನಲ್ಲಿ ಮಾತ್ರೆಯ ಪಾಲೂ ಇರುತ್ತದೆ.

ವಿಮಾನ ಹಾರಿಸುವವರ ಲೋಕ ಇದನ್ನು ಬಹಳ ಗಂಭೀರವಾಗಿ ತೆಗೆದುಕೊಂಡಿದೆ. ಡೈಫೆನ್‌ಹೈಡ್ರಮಿನ್ ತೆಗೆದುಕೊಂಡ ಪೈಲಟ್ 60 ಗಂಟೆ ಕಾಯಬೇಕು ಅನ್ನುತ್ತದೆ ಅಮೆರಿಕದ ವಿಮಾನಯಾನ ಆಡಳಿತ. ಎರಡೂವರೆ ದಿನ! ಸುಮ್ನೆ ಹೇಳಿದ್ದಲ್ಲ. ಅಪಘಾತದಲ್ಲಿ ಸತ್ತ ಪೈಲಟ್‌ಗಳ ರಕ್ತಪರೀಕ್ಷೆಗಳನ್ನೆಲ್ಲ ಒಟ್ಟಿಗೆ ನೋಡಿ, ಅಲ್ಲಿನ ಸಾರಿಗೆ ಸುರಕ್ಷತಾ ಮಂಡಳಿ 2014ರಲ್ಲಿ ಒಂದು ವರದಿ ಕೊಟ್ಟಿತು. ಚುರುಕು ತಗ್ಗಿಸುವ ಔಷಧಿಗಳ ಪೈಕಿ ಅತಿ ಹೆಚ್ಚು ಸಲ ಸಿಕ್ಕಿದ್ದು ಇದೇ ಡೈಫೆನ್‌ಹೈಡ್ರಮಿನ್. ಅಪಘಾತಕ್ಕೆ ಅದೇ ಕಾರಣ ಅಂತ ಇದರಿಂದ ಹೇಳಲಾಗುವುದಿಲ್ಲ, ನಿಜ. ಆದರೆ ಚೀಟಿಯಿಲ್ಲದೆ ಸಿಗುವ ಮಾತ್ರೆ ಅಂದ ಮಾತ್ರಕ್ಕೆ ಅದನ್ನು ಜನ ಎಷ್ಟು ಹಗುರವಾಗಿ ನೋಡುತ್ತಾರೆ ಅನ್ನುವುದು ಗೊತ್ತಾಗುತ್ತದೆ.

ನಿದ್ದೆ ಮಾತ್ರೆ ಅಂತ ನುಂಗಿದರೆ?

ಮೊದಲ ಒಂದೆರಡು ರಾತ್ರಿ ನಿದ್ದೆ ಬರುತ್ತದೆ. ಆಮೇಲೆ ಮೈ ಒಗ್ಗಿಹೋಗುತ್ತದೆ. ಒಂದು ಪ್ರಯೋಗದಲ್ಲಿ ಆರೋಗ್ಯವಂತರಿಗೆ ದಿನಕ್ಕೆ ಎರಡು ಸಲ 50 ಮಿ.ಗ್ರಾಂ ಡೈಫೆನ್‌ಹೈಡ್ರಮಿನ್ ಕೊಟ್ಟರು. ಮೊದಲ ದಿನ ಚೆನ್ನಾಗಿ ಮಂಪರು ಬಂತು. ನಾಲ್ಕನೆಯ ದಿನ ಹೊತ್ತಿಗೆ ಸುಳ್ಳು ಮಾತ್ರೆಗೂ ಅದಕ್ಕೂ ವ್ಯತ್ಯಾಸವೇ ಇರಲಿಲ್ಲ. ಹೀಗಿರುವಾಗ ತಿಂಗಳುಗಟ್ಟಲೆ ನುಂಗುವವರಿಗೆ ಏನು ಸಿಗುತ್ತಿದೆ? ಅಭ್ಯಾಸದ ಸಮಾಧಾನ, ಜೊತೆಗೆ ಮುಂದೆ ಹೇಳುವ ಅಡ್ಡಪರಿಣಾಮಗಳು. ಕೆಲವರು ಡೋಸ್ ಏರಿಸುತ್ತಾರೆ. ಅದು ಇನ್ನೂ ಕೆಟ್ಟ ದಾರಿ.

ಬರುವ ನಿದ್ದೆಯ ಗುಣವೂ ಅಷ್ಟಕ್ಕಷ್ಟೇ. ಕನಸು ಬೀಳುವ ಹಂತದ ನಿದ್ದೆಯನ್ನು ಈ ಔಷಧಿಗಳು ಕಡಿಮೆ ಮಾಡಬಲ್ಲವು. ಅಮೆರಿಕದ ನಿದ್ರಾ ವೈದ್ಯರ ಸಂಘ 2017ರ ತನ್ನ ಮಾರ್ಗಸೂಚಿಯಲ್ಲಿ, ನಿದ್ರಾಹೀನತೆಗೆ ಡೈಫೆನ್‌ಹೈಡ್ರಮಿನ್ ಬಳಸದಿರುವುದೇ ಒಳ್ಳೆಯದು ಅಂತ ಹೇಳಿದೆ.

ಬಾಯಿ ಒಣಗುವುದು ಯಾಕೆ?

ಹಳೆಯ ಆಂಟಿಹಿಸ್ಟಮಿನ್‌ಗಳು ಎಚ್1ಗೆ ಮಾತ್ರ ಅಂಟುವುದಿಲ್ಲ. ಕಂಡಕಂಡದ್ದಕ್ಕೆಲ್ಲ ಅಂಟಿಕೊಳ್ಳುವ ಸ್ವಭಾವ ಅವುಗಳದ್ದು. ಅದರಲ್ಲಿ ಮುಖ್ಯವಾದದ್ದು ಅಸಿಟೈಲ್‌ಕೋಲಿನ್ ಅನ್ನುವ ಇನ್ನೊಂದು ರಾಸಾಯನಿಕದ ರಿಸೆಪ್ಟರ್. ಅಸಿಟೈಲ್‌ಕೋಲಿನ್ ನಮ್ಮ ಮೈಯ ಒದ್ದೆ ಜಾಗಗಳನ್ನು ಒದ್ದೆಯಾಗಿಡುತ್ತದೆ, ಕರುಳು ಚಲಿಸುವಂತೆ ಮಾಡುತ್ತದೆ, ಮೂತ್ರಕೋಶ ಹಿಂಡುತ್ತದೆ, ಕಣ್ಣಿನ ಪಾಪೆ ಕಿರಿದು ಮಾಡುತ್ತದೆ. ಮಿದುಳಿನಲ್ಲಿ ನೆನಪಿಗೂ ಬೇಕು. ಅದನ್ನು ತಡೆದರೆ ಬಾಯಿ ಒಣಗುತ್ತದೆ, ಮಲ ಕಟ್ಟುತ್ತದೆ, ಮೂತ್ರ ಸರಾಗವಾಗಿ ಬರುವುದಿಲ್ಲ, ಹತ್ತಿರದ ಅಕ್ಷರ ಮಸುಕಾಗುತ್ತದೆ, ಎದೆಬಡಿತ ಏರುತ್ತದೆ.

ತಮಾಷೆ ಎಂದರೆ, ಮಾಮೂಲಿ ನೆಗಡಿಯಲ್ಲಿ ಈ ಮಾತ್ರೆಗಳು ಮೂಗು ಸೋರುವುದನ್ನು ತುಸು ತಗ್ಗಿಸುವುದು ಈ ಒಣಗಿಸುವ ಗುಣದಿಂದಲೇ. ವೈರಸ್‌ನಿಂದ ಬರುವ ನೆಗಡಿಯಲ್ಲಿ ಹಿಸ್ಟಮಿನ್ ಪಾತ್ರ ಅಷ್ಟೇನಿಲ್ಲ. ಹಾಗಾಗಿ ಒಣಗಿಸುವ ಗುಣವಿಲ್ಲದ ಹೊಸ ಮಾತ್ರೆಗಳು ಅಲರ್ಜಿ ಸೀನಿಗೆ ಚೆನ್ನಾಗಿ ಕೆಲಸ ಮಾಡಿದರೂ ನೆಗಡಿಗೆ ಅಷ್ಟಾಗಿ ಮಾಡುವುದಿಲ್ಲ. ನೆಗಡಿ ಮಾತ್ರೆಗಳಲ್ಲಿ ಇವತ್ತಿಗೂ ಹಳೆಯ ಕ್ಲೋರ್‌ಫೆನಿರಮಿನ್ ಉಳಿದುಕೊಂಡಿರುವುದು ಇದಕ್ಕೇ ಇರಬೇಕು.

ಎಳೆಯ ವಯಸ್ಸಿನಲ್ಲಿ ಬಾಯಿ ಒಣಗಿದರೆ ನೀರು ಕುಡಿದರಾಯಿತು. ಎಪ್ಪತ್ತೈದರ ಅಜ್ಜನಿಗೆ ಅದೇ ಮಾತ್ರೆ ಕೊಟ್ಟರೆ ಏನಾಗಬಹುದು ನೋಡಿ. ಪ್ರಾಸ್ಟೇಟ್ ಗ್ರಂಥಿ ಮೊದಲೇ ಊದಿಕೊಂಡಿರುತ್ತದೆ. ಅದರ ಮೇಲೆ ಮೂತ್ರಕೋಶ ಹಿಂಡುವ ಶಕ್ತಿಯೂ ತಗ್ಗಿದರೆ ಮೂತ್ರ ಪೂರ್ತಿ ಕಟ್ಟಿಕೊಳ್ಳಬಹುದು, ಆಸ್ಪತ್ರೆಗೆ ಹೋಗಿ ನಳಿಕೆ ಹಾಕಿಸಬೇಕಾಗಬಹುದು. ರಾತ್ರಿ ಎದ್ದು ಬಚ್ಚಲಿಗೆ ಹೊರಟಾಗ ಕಣ್ಣು ಮಸುಕು, ಕಾಲು ತಡವರಿಕೆ, ತಲೆ ಜೋಂಪು. ಬಿದ್ದರೆ ಸೊಂಟದ ಮೂಳೆ ಮುರಿಯುತ್ತದೆ. ಕೆಲವರಿಗೆ ಇದ್ದಕ್ಕಿದ್ದಂತೆ ಗೊಂದಲ ಹಿಡಿಯುತ್ತದೆ. ತಾನೆಲ್ಲಿದ್ದೀನಿ ಅಂತ ತಿಳಿಯುವುದಿಲ್ಲ, ಇಲ್ಲದ್ದು ಕಾಣುತ್ತದೆ. ಮನೆಯವರು ಅರಳುಮರಳು ಶುರುವಾಯಿತು ಅಂದುಕೊಳ್ಳುತ್ತಾರೆ. ಯಾರೂ ನೆಗಡಿ ಮಾತ್ರೆಯ ಕಡೆ ಬೆರಳು ತೋರಿಸುವುದಿಲ್ಲ. ಕಿರಿದಾದ ಕೋನದ ಗ್ಲಾಕೋಮಾ ಇರುವವರಲ್ಲಿ ಕಣ್ಣಿನ ಒತ್ತಡ ದಿಢೀರ್ ಏರುವ ಅಪಾಯ ಬೇರೆ.

ವಯಸ್ಸಾದವರಿಗೆ ಕೊಡಬಾರದ ಔಷಧಿಗಳ ಬಿಯರ್ಸ್ ಪಟ್ಟಿ ಅಂತ ಒಂದಿದೆ. ಅಮೆರಿಕದ ವೃದ್ಧಾಪ್ಯ ವೈದ್ಯರ ಸಂಘ ಅದನ್ನು ಆಗಾಗ ಪರಿಷ್ಕರಿಸುತ್ತದೆ. ಮೊದಲ ತಲೆಮಾರಿನ ಆಂಟಿಹಿಸ್ಟಮಿನ್‌ಗಳು ಅದರಲ್ಲಿ ಇವೆ. ತೀವ್ರ ಅಲರ್ಜಿಯಂಥ ಸಂದರ್ಭಕ್ಕೆ ಮಾತ್ರ ವಿನಾಯಿತಿ.

ಮರೆಗುಳಿತನದ ಕಾಯಿಲೆ ಬರುತ್ತದಂತೆ, ಹೌದಾ ಅಂತ ಜನ ಕೇಳುತ್ತಾರೆ. 2015ರಲ್ಲಿ 65 ದಾಟಿದ 3,434 ಮಂದಿಯ ಮೇಲಿನ ಒಂದು ಅಧ್ಯಯನ ಬಂತು. ಅಸಿಟೈಲ್‌ಕೋಲಿನ್ ತಡೆಯುವ ಔಷಧಿಗಳನ್ನು ವರ್ಷಗಟ್ಟಲೆ ಹೆಚ್ಚು ಬಳಸಿದವರಲ್ಲಿ ಡಿಮೆನ್ಷಿಯಾ ಜಾಸ್ತಿ ಕಂಡಿತ್ತು. ಆ ಔಷಧಿಗಳಲ್ಲಿ ಹಳೆಯ ಆಂಟಿಹಿಸ್ಟಮಿನ್‌ಗಳೂ ಇದ್ದವು, ಖಿನ್ನತೆ ಮತ್ತು ಮೂತ್ರಕೋಶದ ಔಷಧಿಗಳೂ ಇದ್ದವು. 2019ರಲ್ಲಿ ಬ್ರಿಟನ್‌ನಿಂದ ಬಂದ, ಇನ್ನೂ ದೊಡ್ಡ ಅಧ್ಯಯನ ಒಂದೊಂದು ವರ್ಗವನ್ನೂ ಬೇರೆ ಬೇರೆಯಾಗಿ ನೋಡಿತು. ಖಿನ್ನತೆ, ಪಾರ್ಕಿನ್ಸನ್, ಮೂತ್ರಕೋಶದ ಕೆಲವು ಔಷಧಿಗಳಲ್ಲಿ ನಂಟು ಕಂಡಿತು, ಆಂಟಿಹಿಸ್ಟಮಿನ್‌ಗಳಲ್ಲಿ ಕಾಣಲಿಲ್ಲ. ಎರಡೂ ಅಧ್ಯಯನಗಳು ನಂಟು ತೋರಿಸಬಲ್ಲವು, ಕಾರಣ ಸಾಬೀತು ಮಾಡಲಾರವು. ಹಿಂದೊಮ್ಮೆ ನೆಗಡಿಗೆ ನಾಲ್ಕು ದಿನ ನುಂಗಿದ್ದಕ್ಕೆ ಈಗ ಹೆದರಬೇಕಿಲ್ಲ. ವಯಸ್ಸಾದವರು ದಿನಾ ರಾತ್ರಿ ನುಂಗುವುದನ್ನು ನಿಲ್ಲಿಸಲು ಮೇಲೆ ಹೇಳಿದ ಬೀಳುವ ಅಪಾಯವೊಂದೇ ಸಾಕು, ಡಿಮೆನ್ಷಿಯಾ ತನಕ ಹೋಗುವುದೇ ಬೇಡ.

ಮಕ್ಕಳಿಗೆ

ಮಕ್ಕಳಲ್ಲಿ ಇದು ಎರಡೂ ಕಡೆ ತಿರುಗಬಹುದು. ಕೆಲವು ಮಕ್ಕಳು ಮಂಪರು ಬರುವ ಬದಲು ಕೆರಳಿ, ಅತ್ತು, ರಾತ್ರಿಯಿಡೀ ಕುಣಿಯುತ್ತವೆ. ಇನ್ನು ತೀರ ಚಿಕ್ಕ ಮಕ್ಕಳಲ್ಲಿ ಉಸಿರಾಟವೇ ಮಂದವಾಗಬಹುದು. ಪ್ರೊಮೆಥಜಿನ್‌ನಿಂದ ಹೀಗೆ ಸಾವುಗಳಾದವು. 2004ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಎರಡು ವರ್ಷದೊಳಗಿನವರಿಗೆ ಅದನ್ನು ಕೊಡಲೇಬಾರದು ಅಂತ ಅತಿ ಕಟುವಾದ ಎಚ್ಚರಿಕೆಯನ್ನು ಲೇಬಲ್ ಮೇಲೆ ಹಾಕಿಸಿತು. 2008ರಲ್ಲಿ, ಅಂಗಡಿಯಲ್ಲಿ ಸಿಗುವ ಯಾವ ಕೆಮ್ಮು ನೆಗಡಿ ಔಷಧಿಯನ್ನೂ ಎರಡು ವರ್ಷದೊಳಗಿನವರಿಗೆ ಕೊಡಬೇಡಿ ಅಂತ ಹೇಳಿತು. ತಯಾರಕರು ತಾವಾಗಿಯೇ ಆ ಮಿತಿಯನ್ನು ನಾಲ್ಕು ವರ್ಷಕ್ಕೆ ಏರಿಸಿದರು. ಭಾರತದ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲಿ ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಬೆರೆತ ಔಷಧಿಯ ಲೇಬಲ್ ಮೇಲೆ, ನಾಲ್ಕು ವರ್ಷದೊಳಗಿನವರಿಗೆ ಬಳಸಬಾರದು ಅಂತ ಅಚ್ಚು ಹಾಕಬೇಕು ಅಂದರು.

ದೂರದ ಪ್ರಯಾಣದಲ್ಲಿ ಮಗು ಸುಮ್ಮನೆ ಮಲಗಲಿ ಅಂತ ಒಂದು ಚಮಚ ಸಿರಪ್ ಕುಡಿಸುವವರಿದ್ದಾರೆ. ದಯವಿಟ್ಟು ಬೇಡ. ಚಮಚದಲ್ಲಿ ಅಳತೆ ಯಾವತ್ತೂ ಸರಿ ಇರುವುದಿಲ್ಲ, ಮಗುವಿನ ಮೈಗೆ ಎಷ್ಟು ಜಾಸ್ತಿಯಾಯಿತು ಅಂತ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ.

ಒಂದೇ ಬಗೆಯ ಔಷಧಿ, ನಾಲ್ಕು ಹೆಸರು

ಮಾತ್ರೆಯ ಪಟ್ಟಿ ತಿರುಗಿಸಿ ಹಿಂಭಾಗದ ಸಣ್ಣ ಅಕ್ಷರ ಓದಿ. ನೆಗಡಿ ಮಾತ್ರೆಯಲ್ಲಿ ಪ್ಯಾರಸಿಟಮಾಲ್ ಜೊತೆ ಕ್ಲೋರ್‌ಫೆನಿರಮಿನ್ ಮೆಲಿಯೇಟ್. ಕೆಮ್ಮಿನ ಸಿರಪ್ ಬಾಟಲಿ ತೆಗೆದರೆ ಅದರಲ್ಲೂ ಕ್ಲೋರ್‌ಫೆನಿರಮಿನ್, ಇಲ್ಲವೇ ಡೈಫೆನ್‌ಹೈಡ್ರಮಿನ್. ಪ್ರಯಾಣದ ವಾಂತಿ ಮಾತ್ರೆಯಲ್ಲಿ ಡೈಮೆನ್‌ಹೈಡ್ರಿನೇಟ್ ಇದ್ದರೆ ಅದು ಡೈಫೆನ್‌ಹೈಡ್ರಮಿನ್‌ನದ್ದೇ ಇನ್ನೊಂದು ರೂಪ. ತುರಿಕೆಗೆ ವೈದ್ಯರು ಬೇರೆ ಹೈಡ್ರಾಕ್ಸಿಜಿನ್ ಬರೆದಿರುತ್ತಾರೆ. ನಾಲ್ಕು ಬೇರೆ ಬೇರೆ ತೊಂದರೆಗೆ ನಾಲ್ಕು ಔಷಧಿ ತೆಗೆದುಕೊಂಡೆ ಅಂತ ನೀವು ಅಂದುಕೊಂಡಿರುತ್ತೀರಿ. ಮಿದುಳಿಗೆ ಹೋಗಿದ್ದು ಒಂದೇ ಬಗೆಯ ಔಷಧಿಯ ನಾಲ್ಕು ಡೋಸ್.

ಮದ್ಯದ ಜೊತೆ ಬೇಡವೇ ಬೇಡ. ನಿದ್ದೆ ಮಾತ್ರೆ, ಆತಂಕಕ್ಕೆ ಕೊಡುವ ಬೆಂಜೊಡಯಜಪಿನ್, ನೋವಿಗೆ ಕೊಡುವ ಓಪಿಯಾಯ್ಡ್, ನರದ ನೋವಿಗೆ ಕೊಡುವ ಪ್ರೀಗ್ಯಾಬಲಿನ್ ಜೊತೆಗೂ ಎಚ್ಚರ ಬೇಕು. ಎಲ್ಲವೂ ಎಚ್ಚರ ತಗ್ಗಿಸುವಂಥವೇ, ಕೆಲವು ಉಸಿರಾಟವನ್ನೂ ತಗ್ಗಿಸುತ್ತವೆ. ಒಂದಕ್ಕೊಂದು ಸೇರಿದಾಗ ಪರಿಣಾಮ ಬೆಳೆಯುತ್ತದೆ. ರಾತ್ರಿ ಗೊರಕೆಯ ನಡುವೆ ಉಸಿರು ಕಟ್ಟುವ ತೊಂದರೆ ಇರುವವರು ವೈದ್ಯರನ್ನು ಕೇಳದೆ ಇವನ್ನು ಮುಟ್ಟದಿರುವುದು ಮೇಲು. ಡೈಫೆನ್‌ಹೈಡ್ರಮಿನ್‌ಗೆ ಇನ್ನೊಂದು ಗುಣವೂ ಇದೆ. ಮೆಟೊಪ್ರೊಲಾಲ್‌ನಂಥ ಕೆಲವು ಔಷಧಿಗಳನ್ನು ಕರಗಿಸುವ ಲಿವರಿನ ಕಿಣ್ವವನ್ನು ಅದು ತಡೆಯುತ್ತದೆ, ಆಗ ಆ ಔಷಧಿ ರಕ್ತದಲ್ಲಿ ಏರುತ್ತದೆ.

ಮಿತಿ ಮೀರಿದರೆ ಇದು ಬರೀ ಗಾಢ ನಿದ್ದೆ ಅಂತ ತಿಳಿಯಬೇಡಿ. ಮೈ ಸುಡುತ್ತದೆ ಆದರೆ ಬೆವರಿಲ್ಲ, ಮುಖ ಕೆಂಪು, ಪಾಪೆ ಅಗಲ, ಎದೆ ಡವಡವ, ಅಸಂಬದ್ಧ ಮಾತು, ಗಾಳಿಯಲ್ಲಿ ಏನನ್ನೋ ಹಿಡಿಯುವ ಹಾಗೆ ಕೈ ಆಡಿಸುವುದು. ಮುಂದೆ ಫಿಟ್ಸ್ ಬರಬಹುದು, ಹೃದಯದ ಲಯ ಕೆಡಬಹುದು. 2020ರಲ್ಲಿ ಹದಿಹರೆಯದವರು ಸಾಮಾಜಿಕ ಜಾಲತಾಣದ ಪಂಥಕ್ಕೆ ಬಿದ್ದು ಡೈಫೆನ್‌ಹೈಡ್ರಮಿನ್ ಅತಿಯಾಗಿ ನುಂಗಿ ಸಾವುಗಳಾದ ವರದಿ ಬಂದಾಗ ಎಫ್‌ಡಿಎ ಬಹಿರಂಗ ಎಚ್ಚರಿಕೆ ಕೊಡಬೇಕಾಯಿತು. ಯಾರಾದರೂ ಜಾಸ್ತಿ ನುಂಗಿದ್ದಾರೆ ಅಂತ ಅನುಮಾನ ಬಂದರೂ ಮಲಗಿಸಿ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಖಾಲಿಯಾದ ಪಟ್ಟಿಯನ್ನೂ ಜೊತೆಗೆ ಒಯ್ಯಿರಿ, ವೈದ್ಯರಿಗೆ ಅದರಿಂದ ಬಹಳ ಸಹಾಯವಾಗುತ್ತದೆ. ಹೈಡ್ರಾಕ್ಸಿಜಿನ್ ಮಾಮೂಲಿ ಬಳಕೆಯಲ್ಲೂ ಹೃದಯದ ಲಯಕ್ಕೆ ತೊಂದರೆ ಕೊಡಬಹುದು ಅಂತ ಯುರೋಪಿನ ಔಷಧ ಸಂಸ್ಥೆ 2015ರಲ್ಲಿ ದೊಡ್ಡವರಿಗೆ ದಿನಕ್ಕೆ 100 ಮಿ.ಗ್ರಾಂ, ವಯಸ್ಸಾದವರಿಗೆ 50 ಮಿ.ಗ್ರಾಂ ಮಿತಿ ಹಾಕಿತು.

ಹಾಗಾದರೆ ಇವು ಬೇಡವೇ ಬೇಡವಾ?

ಹಾಗಂತಲ್ಲ. ಮಿದುಳಿಗೆ ಹೋಗುವುದೇ ಲಾಭವಾಗುವ ಕೆಲಸಗಳೂ ಇವೆ. 1947ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಪಿತ್ತದ ಗಂಧೆಗೆ ಒಬ್ಬ ಮಹಿಳೆಗೆ ಡೈಮೆನ್‌ಹೈಡ್ರಿನೇಟ್ ಕೊಟ್ಟಿದ್ದರು. ಟ್ರಾಮ್‌ನಲ್ಲಿ ಕೂತರೆ ಸದಾ ಹೊಟ್ಟೆ ತೊಳೆಸುತ್ತಿದ್ದ ಆಕೆಗೆ ಆ ಮಾತ್ರೆ ತೆಗೆದುಕೊಂಡ ದಿನಗಳಲ್ಲಿ ಏನೂ ಆಗಲಿಲ್ಲ. ಆಕೆ ಅದನ್ನು ಹೇಳಿದರು, ವೈದ್ಯರಾದ ಲೆಸ್ಲಿ ಗೇ ಮತ್ತು ಪಾಲ್ ಕಾರ್ಲಿನರ್ ಕಿವಿಗೊಟ್ಟರು. ಮುಂದೆ ಅಟ್ಲಾಂಟಿಕ್ ದಾಟುವ ಸೈನಿಕರ ಹಡಗಿನಲ್ಲಿ ಪರೀಕ್ಷಿಸಿದಾಗ ಸಮುದ್ರಯಾನದ ವಾಂತಿಗೂ ಅದು ಕೆಲಸ ಮಾಡಿತು. ಪ್ರಯಾಣದ ವಾಂತಿಗೆ ಇವತ್ತಿಗೂ ಹಳೆಯ ಆಂಟಿಹಿಸ್ಟಮಿನ್‌ಗಳೇ ಬೇಕು, ಹೊಸವು ಉಪಯೋಗಕ್ಕೆ ಬರುವುದಿಲ್ಲ. ಗಾಡಿ ಓಡಿಸುವವರು ಮಾತ್ರ ನುಂಗಬಾರದು ಅಷ್ಟೇ. ಬಸುರಿನ ವಾಂತಿಗೆ ಡಾಕ್ಸಿಲಮಿನ್ ಮತ್ತು ವಿಟಮಿನ್ ಬಿ6 ಸೇರಿದ ಮಾತ್ರೆ ವೈದ್ಯರು ಧೈರ್ಯವಾಗಿ ಬರೆಯುವ ಔಷಧಿಗಳಲ್ಲಿ ಒಂದು.

ಆದರೆ ಸೀನು, ಮೂಗಿನ ಅಲರ್ಜಿ, ಪಿತ್ತದ ಗಂಧೆಗೆ ಹಳೆಯವನ್ನು ಹಿಡಿದುಕೊಂಡು ಕೂರಲು ಕಾರಣವೇ ಇಲ್ಲ ಅನ್ನುತ್ತೇನೆ. ಗಂಧೆಯ ಚಿಕಿತ್ಸೆಗೆ ಇರುವ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಮೊದಲು ಎರಡನೇ ತಲೆಮಾರಿನದ್ದನ್ನೇ ಕೊಡಿ ಅನ್ನುತ್ತದೆ. ಸಾಲದಿದ್ದರೆ ವೈದ್ಯರ ನಿಗಾದಲ್ಲಿ ಅದನ್ನೇ ನಾಲ್ಕು ಪಟ್ಟಿನ ತನಕ ಏರಿಸಿ, ಹಳೆಯದಕ್ಕೆ ಹೋಗಬೇಡಿ ಅನ್ನುತ್ತದೆ. ಹೊಸವು ಹಳೆಯವುಗಳಷ್ಟು ಗಟ್ಟಿ ಅಲ್ಲ, ನಿದ್ದೆ ಬಂದರೇನೇ ಔಷಧಿ ಹತ್ತಿದ ಲೆಕ್ಕ ಅನ್ನುವ ಮಾತಿದೆಯಲ್ಲ, ಅದಕ್ಕೆ ಆಧಾರ ಇಲ್ಲ. ಅಲರ್ಜಿ ಅತಿಯಾಗಿ ಉಸಿರು ಕಟ್ಟುತ್ತಿದ್ದರೆ, ನಾಲಿಗೆ ಊದಿದರೆ, ತಲೆ ತಿರುಗಿ ಬೀಳುವ ಹಾಗಾದರೆ ಹಳೆಯದೂ ಸಾಲದು, ಹೊಸದೂ ಸಾಲದು. ಆಗ ಜೀವ ಉಳಿಸುವುದು ಅಡ್ರಿನಲಿನ್ ಇಂಜೆಕ್ಷನ್. ಮಾತ್ರೆ ನುಂಗಿ ನೋಡೋಣ ಅಂತ ಕೂತರೆ ಸಮಯ ಕೈಬಿಡುತ್ತದೆ.

ಹೊಸವೆಲ್ಲ ಪೂರ್ತಿ ನಿರಪಾಯ ಅಂತಲೂ ಅಲ್ಲ. ಮಂಪರು ತರದ ಮೊದಲ ಮಾತ್ರೆ ಅಂತ ಮೆರೆದ ಟರ್ಫೆನಡಿನ್, ಕೆಲವು ಆಂಟಿಬಯಾಟಿಕ್ ಮತ್ತು ಶಿಲೀಂಧ್ರದ ಔಷಧಿಗಳ ಜೊತೆ ಸೇರಿದಾಗ ಹೃದಯದ ಲಯ ಕೆಡಿಸಿ ಜೀವ ತೆಗೆಯುತ್ತಿತ್ತು. 1990ರ ದಶಕದ ಕೊನೆಯಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಅದನ್ನು ತೆಗೆದರು. ಅದು ಮೈಯಲ್ಲಿ ಕರಗಿದಾಗ ಆಗುವ ರೂಪವೇ ಫೆಕ್ಸೊಫೆನಡಿನ್, ಅದಕ್ಕೆ ಈ ದೋಷವಿಲ್ಲ. ಮಂಪರು ಬೇಡವೇ ಬೇಡ ಅನ್ನುವವರಿಗೆ, ಅಂದರೆ ಚಾಲಕರು, ಎತ್ತರದಲ್ಲಿ ಇಲ್ಲವೇ ಯಂತ್ರದ ಮುಂದೆ ಕೆಲಸ ಮಾಡುವವರು, ಪರೀಕ್ಷೆಗೆ ಓದುವ ಮಕ್ಕಳಿಗೆ ಇದು ಒಳ್ಳೆಯ ಆಯ್ಕೆ. ನೀರಿನಲ್ಲೇ ನುಂಗಿ. ಸೇಬು, ಕಿತ್ತಳೆ ರಸದ ಜೊತೆ ನುಂಗಿದರೆ ಕರುಳು ಅದನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಸೆಟ್ರಿಜಿನ್ ತೆಗೆದುಕೊಳ್ಳುವವರು ರಾತ್ರಿ ನುಂಗುವುದು ವಾಸಿ. ತಿಂಗಳುಗಟ್ಟಲೆ ದಿನಾ ನುಂಗಿದವರು ಥಟ್ಟನೆ ನಿಲ್ಲಿಸಿದರೆ ಕೆಲವರಲ್ಲಿ ಕೆಲವೇ ದಿನಗಳಲ್ಲಿ ಮೈಯೆಲ್ಲ ವಿಪರೀತ ತುರಿಕೆ ಶುರುವಾಗುತ್ತದೆ ಅಂತ ಎಫ್‌ಡಿಎ 2025ರಲ್ಲಿ ಎಚ್ಚರಿಸಿದೆ. ಇದು ಅಪರೂಪ. ಆದರೂ ಅಲರ್ಜಿಯೇ ಮರಳಿತು ಅಂತ ತೀರ್ಮಾನಿಸುವ ಮೊದಲು, ಮಾತ್ರೆ ಯಾವತ್ತು ನಿಲ್ಲಿಸಿದಿರಿ ಅಂತ ವೈದ್ಯರಿಗೆ ತಿಳಿಸಿ.